ಅಲಿಯ ಬೆಸ್ಟ್ ಟೈಮ್ ಯಾವುದು? ಬಾಕ್ಸಿಂಗ್ ಆಯ್ಕೆ ಸಮಿತಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಬಾಕ್ಸಿಂಗ್ ತರಬೇತಿ ಶಿಬಿರದ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮಾನ್ಯರೇ,

ನಮಸ್ಕಾರ. ನಾನು 31 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ನಿವೃತ್ತಿಯಾದ ಮೇಲೆ ಹಳೇ ದಾವಣಗೆರೆಯ ಒಂದು ಶೆಡ್ಡಿನಲ್ಲಿ ಐದಾರು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದೇನೆ. ಹೋದ ಭಾನುವಾರ ಅವರಲ್ಲಿ ಇಬ್ಬರನ್ನು ನಿಮ್ಮ ಆಯ್ಕೆಗೆ ಕರೆದುಕೊಂಡು ಬಂದಿದ್ದೆ. ಅಲ್ಲಿ ನಡೆದದ್ದನ್ನು ನುಂಗಿಕೊಂಡು ಸುಮ್ಮನಿರಲು ನಾಲ್ಕು ದಿನ ಪ್ರಯತ್ನಪಟ್ಟೆ. ಆಗಲಿಲ್ಲ. ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ನಿಮ್ಮ ಸಮಿತಿಯ ಹೆಸರನ್ನೂ ಇಲ್ಲಿ ಹಾಕಿಲ್ಲ. ಒಂದು ಲೆಕ್ಕ ತಪ್ಪಾಗಿದೆ, ಅದನ್ನು ಸರಿ ಮಾಡಿ ಅಂತ ಕೇಳುವುದಷ್ಟೇ ನನ್ನ ಉದ್ದೇಶ.

ಇಬ್ಬರಲ್ಲಿ ಒಬ್ಬನಿಗೆ 18. ಅವನನ್ನು ನೋಡಿದಿರಿ, ಆಡಿಸಿದಿರಿ, ತಗೊಂಡಿರಿ. ಸಂತೋಷ. ಇನ್ನೊಬ್ಬನಿಗೆ 25. ಅವನು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹುಡುಗ. ಆವತ್ತು ರಾತ್ರಿ ಎರಡಕ್ಕೆ ಭಟ್ಟಿಗೆ ಹೋಗಿ, ಆರೂವರೆಗೆ ಬಿಡಿಸಿಕೊಂಡು, ಮೈ ತೊಳೆದುಕೊಂಡು ಸೀದಾ ನಿಮ್ಮ ಹಾಲ್‌ಗೆ ಬಂದಿದ್ದ. ಮುಂಗೈ ತುಂಬಾ ಕಾದ ಮರಳು ಸಿಡಿದ ಸಣ್ಣ ಸಣ್ಣ ಚುಕ್ಕೆ ಕಲೆ. ಕೂದಲಲ್ಲಿ ಇನ್ನೂ ಹೊಗೆ ವಾಸನೆ. ಸರದಿ ಬರುವ ಮೊದಲೇ ಮೂಲೆಯಲ್ಲಿ ಕೂತು ಎರಡೂ ಕೈಗೆ ಪಟ್ಟಿ ಸುತ್ತಿಕೊಂಡಿದ್ದ.

ನಿಮ್ಮ ಸದಸ್ಯರೊಬ್ಬರು ಅವನ ಆಧಾರ್ ನೋಡಿದರು. ಕೈ ನೋಡಲಿಲ್ಲ, ಕಾಲು ನೋಡಲಿಲ್ಲ. ಕಾರ್ಡ್ ವಾಪಸ್ ಕೊಟ್ಟು ಹೇಳಿದರು: "ಇಪ್ಪತ್ತೈದು ಆಯ್ತಲ್ಲಪ್ಪ. ಬಾಕ್ಸರ್‌ಗೆ ಇದು ಇಳಿಯೋ ಟೈಮು. ಮೊಹಮ್ಮದ್ ಅಲಿನೇ ನೋಡು, 22ಕ್ಕೆ ಚಾಂಪಿಯನ್. ಬೆಸ್ಟ್ ಟೈಮ್ ಅಂದ್ರೆ ಅದು."

ಹುಡುಗ ಎದುರು ಮಾತಾಡಲಿಲ್ಲ. "ಸರಿ ಸಾರ್" ಅಂದು ಪಕ್ಕಕ್ಕೆ ಬಂದು ಪಟ್ಟಿ ಬಿಚ್ಚಿದ. ಒಂದೊಂದು ಕೈಗೆ ನಾಲ್ಕೂವರೆ ಮೀಟರ್ ಇರುತ್ತದೆ ಅದು. ತೊಡೆ ಮೇಲೆ ಇಟ್ಟುಕೊಂಡು, ಸುಕ್ಕು ತೀಡಿ, ಬಿಗಿಯಾಗಿ ಉರುಳೆ ಮಾಡಿದ. ಒಂದು ಕೈಯದು ಮುಗಿಸಿ ಇನ್ನೊಂದು. ಅಷ್ಟು ಹೊತ್ತೂ ತಲೆ ಎತ್ತಲಿಲ್ಲ. ಅದನ್ನು ನಾನು ನಿಂತು ನೋಡಿದೆ.

ನಿಮ್ಮ ನೋಟಿಸನ್ನು ಮನೆಗೆ ಬಂದು ಮತ್ತೆ ಮೂರು ಸಲ ಓದಿದೆ. ವಯಸ್ಸಿನ ಮಿತಿ ಅಂತ ಒಂದು ಸಾಲೂ ಇಲ್ಲ. ಅಂದರೆ ಅವನನ್ನು ವಾಪಸ್ ಕಳಿಸಿದ್ದು ನಿಯಮ ಅಲ್ಲ. ಅಲಿಯ ಬಗ್ಗೆ ಹೇಳಿದ ಒಂದು ಮಾತು. ಹಾಗಾಗಿ ಅಲಿಯ ಬಗ್ಗೆಯೇ ಮಾತಾಡೋಣ. ಈ ವಿಷಯದಲ್ಲಿ ನನಗೂ ಒಂದಿಷ್ಟು ಹೇಳುವುದಿದೆ.

ಮೊದಲು ನಿಮ್ಮ ಮಾತಲ್ಲಿ ಸರಿ ಇರುವುದನ್ನು ಒಪ್ಪುತ್ತೇನೆ. ಅಲಿ ಹುಟ್ಟಿದ್ದು 1942ರ ಜನವರಿಯಲ್ಲಿ. 18ಕ್ಕೆ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ. 1964ರ ಫೆಬ್ರವರಿ 25ರಂದು ಮಯಾಮಿ ಬೀಚ್‌ನಲ್ಲಿ ಆಗಿನ ಚಾಂಪಿಯನ್ ಸಾನಿ ಲಿಸ್ಟನ್ ಏಳನೇ ರೌಂಡಿಗೆ ಏಳದೆ ಸ್ಟೂಲ್ ಮೇಲೇ ಕೂತುಬಿಟ್ಟರು. ಆಗ ಅಲಿಗೆ 22. ಇದೆಲ್ಲ ನಿಜ. ಆದರೆ ಚಾಂಪಿಯನ್ ಆದ ದಿನ ಬೇರೆ, ಬೆಸ್ಟ್ ಟೈಮ್ ಬೇರೆ. ಒಬ್ಬ ಹುಡುಗನಿಗೆ ಕೆಲಸ ಸಿಕ್ಕ ದಿನವೇ ಅವನು ಆ ಕೆಲಸದಲ್ಲಿ ನಿಪುಣ ಅನ್ನೋಕೆ ಆಗುತ್ತಾ?

ಈ ವಿಷಯದಲ್ಲಿ ನನಗೂ ನನ್ನ ಹಳೇ ಗೆಳೆಯನಿಗೂ ಮೂವತ್ತು ವರ್ಷದಿಂದ ವಾದ ಇದೆ. ಅವನಿಗೆ ಮಂಡಿಪೇಟೆಯಲ್ಲಿ ಅಂಗಡಿ. ವಾರಕ್ಕೊಮ್ಮೆ ಬೆಣ್ಣೆ ದೋಸೆ ತಿನ್ನೋಕೆ ಸೇರುತ್ತೇವೆ. ದೋಸೆ ಬರುವುದರೊಳಗೆ ಅಲಿ ಬಂದಿರುತ್ತಾರೆ. ಅವನ ಪ್ರಕಾರ ಅಲಿಯ ಉತ್ತುಂಗ 1974. ನನ್ನ ಪ್ರಕಾರ 1966ರಿಂದ 67. ಇಷ್ಟು ವರ್ಷದಲ್ಲಿ ಇಬ್ಬರಲ್ಲಿ ಒಬ್ಬರೂ 1964 ಅಂದಿಲ್ಲ.

ನಾನು 1966–67 ಅನ್ನುವುದಕ್ಕೆ ಕಾರಣ ಇದೆ. 1966ರ ಮಾರ್ಚ್ 29ರಿಂದ 1967ರ ಮಾರ್ಚ್ 22ರವರೆಗೆ, ಒಂದು ವರ್ಷ ತುಂಬುವುದರೊಳಗೆ, ಅಲಿ ಏಳು ಸಲ ಪಟ್ಟ ಉಳಿಸಿಕೊಂಡರು. ಟೊರಾಂಟೊ, ಲಂಡನ್‌ನಲ್ಲಿ ಎರಡು ಸಲ, ಫ್ರಾಂಕ್‌ಫರ್ಟ್, ಹ್ಯೂಸ್ಟನ್‌ನಲ್ಲಿ ಎರಡು ಸಲ, ಕೊನೆಗೆ ನ್ಯೂಯಾರ್ಕ್. ಈಗಿನ ಹೆವಿವೇಟ್ (ಭಾರೀ ತೂಕದ ವಿಭಾಗ) ಚಾಂಪಿಯನ್‌ಗಳು ವರ್ಷಕ್ಕೆ ಒಂದೋ ಎರಡೋ ಆಡಿದರೆ ಜಾಸ್ತಿ. 1966ರ ನವೆಂಬರ್ 14ರಂದು ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಜೊತೆ ಆಡಿದ ಪಂದ್ಯದ ವಿಡಿಯೊ ದಯವಿಟ್ಟು ಒಮ್ಮೆ ನೋಡಿ. ಮೂರನೇ ರೌಂಡಿಗೇ ಮುಗಿಯುತ್ತದೆ. ಕೈ ಬಿಡಿ, ಕಾಲು ನೋಡಿ. ಆರಡಿ ಮೂರಂಗುಲದ ಆಳು, ಹಿಂದಕ್ಕೆ ಜಾರುತ್ತಲೇ ಹೊಡೆಯುತ್ತಾರೆ. ನಾವು ಹುಡುಗರಿಗೆ ಹೇಳಿಕೊಡುವುದು ಏನು? ಮುಂದಿನ ಕಾಲು ಊರು, ಆಮೇಲೆ ಹೊಡಿ. ಅಲಿ ಆ ಪಾಠವನ್ನೇ ತಿರುವಿ ಹಾಕಿ ಆಡಿದ್ದರು. ಎದುರಾಳಿಯ ಪಂಚ್ ಬಂದು ತಲುಪುವ ಹೊತ್ತಿಗೆ ತಲೆ ಅಲ್ಲಿ ಇರುತ್ತಿರಲಿಲ್ಲ. ಕೈ ಕೆಳಗೇ ಇರುತ್ತಿತ್ತು. ಬೇರೆ ಯಾರಾದರೂ ಹಾಗೆ ನಿಂತರೆ ಮೊದಲ ನಿಮಿಷಕ್ಕೇ ಬೀಳುತ್ತಾರೆ.

ನನ್ನ ಗೆಳೆಯ ಇದಕ್ಕೆ ಒಂದು ಮಾತು ಹೇಳುತ್ತಾನೆ. ಅದೂ ನ್ಯಾಯವಾದದ್ದೇ. ವಿಲಿಯಮ್ಸ್‌ಗೆ ಅದಕ್ಕೆ ಎರಡು ವರ್ಷ ಮೊದಲು ಪೊಲೀಸ್ ಗುಂಡು ತಗುಲಿತ್ತು, ಒಂದು ಕಿಡ್ನಿ ಹೋಗಿತ್ತು. ಅಂಥವರ ಎದುರು ಚೆನ್ನಾಗಿ ಕಂಡರೆ ಅದು ಯಾವ ಅಳತೆ ಅನ್ನುತ್ತಾನೆ. ಒಪ್ಪಿದೆ. ಆದರೆ ವೇಗ ಎದುರಾಳಿ ಕೊಡುವಂಥದ್ದಲ್ಲ. ಅದು ಅವರ ಕಾಲಲ್ಲೇ ಇತ್ತು. ಆಗ ಅಲಿಗೆ ಎಷ್ಟು ವಯಸ್ಸು ಗೊತ್ತಾ? 24. ಏಳು ಪಂದ್ಯದ ಆ ವರ್ಷ ಮುಗಿದಾಗ 25. ನೀವು ಆಧಾರ್ ಕಾರ್ಡಿನಲ್ಲಿ ನೋಡಿ ಬೇಡ ಅಂದ ಅದೇ ಸಂಖ್ಯೆ.

ಆಮೇಲೆ ಏನಾಯಿತು ಅಂತ ನಿಮಗೆ ಗೊತ್ತಿದೆ. 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಸೈನ್ಯಕ್ಕೆ ಸೇರಲ್ಲ ಅಂತ ಅಲಿ ನಿಂತರು. ಲೈಸೆನ್ಸ್ ಹೋಯಿತು, ಪಟ್ಟ ಹೋಯಿತು. ಜೂನ್‌ನಲ್ಲಿ ಐದು ವರ್ಷ ಜೈಲು, ಹತ್ತು ಸಾವಿರ ಡಾಲರ್ ದಂಡ ಅಂತ ಶಿಕ್ಷೆ. ಮೇಲ್ಮನವಿ ಹಾಕಿದ್ದರಿಂದ ಜೈಲಿಗೆ ಹೋಗಲಿಲ್ಲ, ಆದರೆ ರಿಂಗಿಗೂ ಬಿಡಲಿಲ್ಲ. ಮತ್ತೆ ಆಡಿದ್ದು 1970ರ ಅಕ್ಟೋಬರ್ 26ರಂದು, ಅಟ್ಲಾಂಟಾದಲ್ಲಿ. ಮಧ್ಯೆ 3 ವರ್ಷ 7 ತಿಂಗಳು. 25ರಿಂದ 28ರವರೆಗೆ. 1971ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಎಂಟು ನ್ಯಾಯಮೂರ್ತಿಗಳದ್ದೂ ಒಂದೇ ಮಾತು. ತೀರ್ಪು ಬಂತು, ಹೋದ ವರ್ಷ ಬರಲಿಲ್ಲ.

ಅಲಿಯ ಬೆಸ್ಟ್ ಟೈಮ್ ಯಾವುದು ಅಂತ ಕೇಳಿದರೆ ನನ್ನ ಮನಸ್ಸಿನಲ್ಲಿರುವ ಉತ್ತರ ಇದು. ನಾವು ನೋಡಿದ್ದರಲ್ಲಿ 1966–67. ಆದರೆ ನಿಜವಾದ ಉತ್ತುಂಗ ಬಹುಶಃ 1968ರಲ್ಲೋ 69ರಲ್ಲೋ ಇತ್ತು. ಅದನ್ನು ಯಾರೂ ನೋಡಲಿಲ್ಲ. ಅದರ ವಿಡಿಯೊ ಇಲ್ಲ. ಮೇಜಿನ ಹಿಂದೆ ಕೂತವರು ಒಂದು ಕಾಗದಕ್ಕೆ ಸಹಿ ಹಾಕಿದರು, ಆ ವರ್ಷಗಳು ಹೋದವು. ಈ ಮಾತು ಬರೆಯುವಾಗ ನನ್ನ ಕಣ್ಣ ಮುಂದೆ ಆ ಪಟ್ಟಿ ಬಿಚ್ಚುತ್ತಿದ್ದ ಕೈ ಬರುತ್ತದೆ. ನನ್ನ ಹುಡುಗ ಅಲಿ ಅಂತ ನಾನು ಹೇಳುತ್ತಿಲ್ಲ. ಅಷ್ಟು ತಿಳಿವಳಿಕೆ ನನಗಿದೆ. ಕಾಗದ ನೋಡಿ ಮನುಷ್ಯನನ್ನು ನೋಡದೆ ಇರುವುದು ಮಾತ್ರ ಎರಡೂ ಕಡೆ ಒಂದೇ ಅಲ್ವಾ?

ಈಗ ನನ್ನ ಗೆಳೆಯನ 1974ಕ್ಕೆ ಬರುತ್ತೇನೆ. ಇದು ನಿಮಗೆ ಇನ್ನೂ ಮುಖ್ಯ.

ವಾಪಸ್ ಬಂದ ಅಲಿಗೆ ಹಳೇ ಕಾಲು ಇರಲಿಲ್ಲ. ಇದು ಕಣ್ಣಿಗೇ ಕಾಣುತ್ತದೆ. ಮೊದಲ ಎರಡು ಮೂರು ರೌಂಡ್ ಕುಣಿಯುತ್ತಾರೆ, ಆಮೇಲೆ ಪಾದ ಊರಿ ನಿಲ್ಲುತ್ತಾರೆ. 1971ರ ಮಾರ್ಚ್ 8ರಂದು ಜೋ ಫ್ರೇಜಿಯರ್ ಎದುರು ಮೊದಲ ಸೋಲು. 15ನೇ ರೌಂಡಿನಲ್ಲಿ ಎಡಗೈ ಹುಕ್ (ಪಕ್ಕದಿಂದ ಬೀಸುವ ಏಟು) ತಗುಲಿ ಅಂಗಾತ ಬಿದ್ದರು. ಎದ್ದರು, ರೌಂಡ್ ಮುಗಿಸಿದರು. 1973ರಲ್ಲಿ ಕೆನ್ ನಾರ್ಟನ್ ದವಡೆ ಮುರಿದರು. ಆ ಪಂದ್ಯವನ್ನೂ 12 ರೌಂಡ್ ಪೂರ್ತಿ ಆಡಿಯೇ ಸೋತರು. ಏಟು ತಿನ್ನುವ ಶಕ್ತಿ ಅಲಿಗೆ ಇಷ್ಟಿದೆ ಅಂತ ಜಗತ್ತಿಗೆ ಗೊತ್ತಾಗಿದ್ದೇ ಆಗ. ಮೊದಲು ಗೊತ್ತಾಗಲು ಅವಕಾಶವೇ ಇರಲಿಲ್ಲ, ಏಟು ತಾಗುತ್ತಿದ್ದದ್ದೇ ಅಪರೂಪ.

ಆಮೇಲೆ ಆಫ್ರಿಕಾದ ಕಿನ್ಶಾಸಾ. 1974ರ ಅಕ್ಟೋಬರ್ 30. ಎದುರಿಗೆ ಆಗಿನ ಚಾಂಪಿಯನ್ ಜಾರ್ಜ್ ಫೋರ್ಮನ್, 40 ಪಂದ್ಯ, 40 ಗೆಲುವು. ಫ್ರೇಜಿಯರ್ ಮತ್ತು ನಾರ್ಟನ್ ಇಬ್ಬರನ್ನೂ ಎರಡೇ ರೌಂಡಿನಲ್ಲಿ ಮುಗಿಸಿ ಬಂದಿದ್ದರು. ಅಲಿಗೆ 32. ಫೋರ್ಮನ್‌ಗೆ 25. ನಿಮ್ಮ ಲೆಕ್ಕಕ್ಕೆ ಇಬ್ಬರೂ ಇಳಿಯೋ ಟೈಮಿನವರೇ. ಅಲಿ ಹಗ್ಗಕ್ಕೆ ಒರಗಿ ನಿಂತರು. ಮುಖಕ್ಕೆ ಕೈ ಅಡ್ಡ ಇಟ್ಟುಕೊಂಡು ಹೊಡೆಸಿಕೊಂಡರು. ಜನರಿಗೆ ಹುಚ್ಚು ಅನಿಸಿತು. ಆದರೆ ಫೋರ್ಮನ್ ತೋಳು ರೌಂಡಿಂದ ರೌಂಡಿಗೆ ಭಾರ ಆಗುತ್ತಾ ಹೋಯಿತು. ಎಂಟನೇ ರೌಂಡಿನ ಕೊನೆಗೆ ಅಲಿ ಹಗ್ಗದಿಂದ ಹೊರಗೆ ಬಂದು ಒಂದರ ಹಿಂದೆ ಒಂದು ಹೊಡೆದರು. ಫೋರ್ಮನ್ ತಿರುಗಿಕೊಂಡು ಬಿದ್ದರು.

ಇಲ್ಲಿ ಕಾಲು ಗೆಲ್ಲಲಿಲ್ಲ, ತಲೆ ಗೆದ್ದಿತು. 24ರ ಅಲಿ ಹೀಗೆ ಆಡುತ್ತಿರಲಿಲ್ಲ, ಆಡಬೇಕಾದ ಅಗತ್ಯವೂ ಅವರಿಗೆ ಇರಲಿಲ್ಲ. ಅದಕ್ಕೇ ನನ್ನ ಗೆಳೆಯನನ್ನು ನಾನು ಇಷ್ಟು ವರ್ಷವಾದರೂ ಸೋಲಿಸೋಕೆ ಆಗಿಲ್ಲ. ಮೈಗೆ ಒಂದು ಕಾಲ ಇದೆ, ಬುದ್ಧಿಗೆ ಒಂದು ಕಾಲ ಇದೆ. ಎರಡೂ ಒಟ್ಟಿಗೆ ಬರುವುದು ಕಡಿಮೆ. ನಮ್ಮ ಗರಡಿಯ ಹಿರಿಯ ಉಸ್ತಾದರು ನಾನು ಹುಡುಗನಾಗಿದ್ದಾಗ ಹೇಳುತ್ತಿದ್ದರು, ಮೈ ಮಾತು ಕೇಳೋ ವಯಸ್ಸಲ್ಲಿ ಮಾತೇ ಗೊತ್ತಿರಲ್ಲ, ಮಾತು ಗೊತ್ತಾಗೋ ಹೊತ್ತಿಗೆ ಮೈ ಕೇಳಲ್ಲ ಅಂತ. ದುಗ್ಗಮ್ಮನ ಜಾತ್ರೆಯ ಕುಸ್ತಿ ಅಖಾಡದಲ್ಲಿ ನೀವೂ ನೋಡಿರುತ್ತೀರಿ. ಇಪ್ಪತ್ತರ ಹುಡುಗ ಹಾರಿ ಹಾರಿ ಬರುತ್ತಾನೆ. ಮೂವತ್ತು ದಾಟಿದ ಪೈಲ್ವಾನ ಒಂದು ಸಲ ಕೊರಳಿಗೆ ಕೈ ಹಾಕಿ ತೂಕ ಬಿಟ್ಟರೆ ಮುಗೀತು, ಹುಡುಗನ ಉಸಿರು ಅರ್ಧ ಆಗುತ್ತದೆ.

ಅಲಿ ಒಬ್ಬರದ್ದೇ ಉದಾಹರಣೆ ಸಾಲದು ಅಂತ ನೀವು ಅನ್ನಬಹುದು. ನಿಮ್ಮ ಕಡೆ ನಿಲ್ಲುವ ಒಂದು ಹೆಸರನ್ನು ನಾನೇ ಕೊಡುತ್ತೇನೆ. ಮೈಕ್ ಟೈಸನ್. 1986ರಲ್ಲಿ 20ಕ್ಕೆ ಚಾಂಪಿಯನ್. 1988ರಲ್ಲಿ ಮೈಕಲ್ ಸ್ಪಿಂಕ್ಸ್‌ರನ್ನು 91 ಸೆಕೆಂಡಿನಲ್ಲಿ ಕೆಡವಿದಾಗ ಇನ್ನೂ 22 ತುಂಬಿರಲಿಲ್ಲ. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಎದುರು ಸೋತಾಗ 23. ಟೈಸನ್ ಉತ್ತುಂಗ 22ರೊಳಗೇ ಮುಗಿಯಿತು ಅನ್ನುವವರು ಬಹಳ ಜನ. ನಾನೂ ಹಾಗೇ ಅನ್ನುತ್ತೇನೆ. ಆದರೆ ಅದು ವಯಸ್ಸಿನಿಂದ ಆಯಿತಾ? ಬೆಳೆಸಿದ ಗುರು ಕಸ್ ಡಿ'ಅಮಾಟೊ 1985ರಲ್ಲೇ ತೀರಿಕೊಂಡಿದ್ದರು. ಜೊತೆಗಿದ್ದ ಕೋಚ್ ಕೆವಿನ್ ರೂನಿಯನ್ನು 1988ರಲ್ಲಿ ತೆಗೆದುಹಾಕಿದರು. ಮೂಲೆಯಲ್ಲಿ ನಿಂತು ತಿದ್ದುವವರು ಹೋದ ಮೇಲೆ ಆ ತಲೆ ಅಲ್ಲಾಡಿಸುವ ಆಟ, ಆ ಒಳನುಗ್ಗುವ ಹೆಜ್ಜೆ ಎಲ್ಲ ಸವೆದು ಹೋಯಿತು. ಟೈಸನ್ ಕಥೆಯಿಂದ ನಾವು ಕಲಿಯಬೇಕಾದ್ದು 25ರವನನ್ನು ಹೊರಗೆ ಹಾಕುವುದನ್ನಲ್ಲ. ಕೋಚ್‌ಗಳನ್ನು ಉಳಿಸಿಕೊಳ್ಳುವುದನ್ನು.

ಕಿನ್ಶಾಸಾದಲ್ಲಿ ಬಿದ್ದ ಅದೇ ಫೋರ್ಮನ್ 20 ವರ್ಷ ಆದ ಮೇಲೆ, 1994ರ ನವೆಂಬರ್‌ನಲ್ಲಿ, 45ನೇ ವಯಸ್ಸಿಗೆ ಮೈಕಲ್ ಮೂರರ್‌ರನ್ನು ಹತ್ತನೇ ರೌಂಡಿನಲ್ಲಿ ಕೆಡವಿ ಮತ್ತೆ ಚಾಂಪಿಯನ್ ಆದರು. ಅದು ಹೆವಿವೇಟ್, ಅಲ್ಲಿ ವೇಗ ಕಡಿಮೆ ಇದ್ದರೂ ನಡೆಯುತ್ತದೆ ಅನ್ನುತ್ತೀರಾ? ಹಾಗಾದರೆ ನಮ್ಮ ಮೇರಿ ಕೋಮ್ ಅವರನ್ನು ನೋಡಿ. 2002, 2005, 2006ರಲ್ಲಿ ವಿಶ್ವ ಚಾಂಪಿಯನ್. 2007ರಲ್ಲಿ ಅವಳಿ ಮಕ್ಕಳು. 2008ರಲ್ಲಿ ಮತ್ತೆ ಚಿನ್ನ, 2010ರಲ್ಲಿ ಮತ್ತೆ. 2012ರಲ್ಲಿ ಲಂಡನ್ ಒಲಿಂಪಿಕ್ಸ್ ಕಂಚು. ಅದೂ ತಮ್ಮ ತೂಕದ ವಿಭಾಗ ಅಲ್ಲಿ ಇಲ್ಲದೆ, 51 ಕೆ.ಜಿ.ಗೆ ಮೈ ಏರಿಸಿಕೊಂಡು ಹೋಗಿ. ಕೊನೆಗೆ 2018ರಲ್ಲಿ ದೆಹಲಿಯಲ್ಲಿ ಆರನೇ ಚಿನ್ನ. ಆಗ ಅವರಿಗೆ 35 ದಾಟಿತ್ತು. 48 ಕೆ.ಜಿ. ವಿಭಾಗ, ಅಲ್ಲಿ ವೇಗವೇ ಎಲ್ಲ. ಐದನೆಯದಕ್ಕೂ ಆರನೆಯದಕ್ಕೂ ಮಧ್ಯೆ ಎಂಟು ವರ್ಷ. ಆ ಎಂಟು ವರ್ಷದಲ್ಲಿ ಯಾರಾದರೂ ಅವರ ಆಧಾರ್ ನೋಡಿ ವಾಪಸ್ ಕಳಿಸಿದ್ದರೆ?

ಅಂತಾರಾಷ್ಟ್ರೀಯ ಅಮೆಚೂರ್ ಬಾಕ್ಸಿಂಗ್‌ನ ನಿಯಮ 40 ವರ್ಷದವರೆಗೂ ರಿಂಗಿಗೆ ಬಿಡುತ್ತದೆ. ಜಗತ್ತು 40 ಅನ್ನುವಾಗ ನಾವು ದಾವಣಗೆರೆಯಲ್ಲಿ ಕೂತು 25ಕ್ಕೇ ಬಾಗಿಲು ಹಾಕುವುದು ಯಾವ ನ್ಯಾಯ?

ಇಷ್ಟು ಹೇಳಿದೆ ಅಂತ ಕಾಲ ಮುಗಿಯುವುದೇ ಇಲ್ಲ ಅಂತ ನಾನು ವಾದಿಸುತ್ತಿಲ್ಲ. ಮುಗಿಯುತ್ತದೆ. ಅಲಿಯದ್ದು ಮುಗಿದದ್ದನ್ನು ನೋಡಿದವರಿಗೆ ಅದು ಮರೆಯುವುದಿಲ್ಲ. 1977ರ ಸೆಪ್ಟೆಂಬರ್‌ನಲ್ಲಿ ಅರ್ನಿ ಶೇವರ್ಸ್ ಎದುರು 15 ರೌಂಡ್ ಏಟು ತಿಂದರು. ಗೆದ್ದರು. ಅವರ ಡಾಕ್ಟರ್ ಫರ್ಡಿ ಪಚೆಕೊ ಸಾಕು ನಿಲ್ಲಿಸಿ ಅಂದರು, ಕಿಡ್ನಿಗೆ ಪೆಟ್ಟಾಗಿರುವ ವರದಿ ತೋರಿಸಿದರು, ಯಾರೂ ಕೇಳದಿದ್ದಾಗ ತಂಡ ಬಿಟ್ಟು ಹೊರಟರು. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು 38ರ ಅಲಿ ನಿಂತರು. ಹತ್ತು ರೌಂಡ್ ಆದ ಮೇಲೆ ಕೋಚ್ ಆ್ಯಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. ನಾನು ಆ ಪಂದ್ಯವನ್ನು ಪೂರ್ತಿ ನೋಡಿದ್ದು ಒಂದೇ ಸಲ. ಮತ್ತೆ ನೋಡಿಲ್ಲ, ನೋಡುವುದೂ ಇಲ್ಲ. 1984ರಲ್ಲಿ ಅವರಿಗೆ ಪಾರ್ಕಿನ್ಸನ್ ಲಕ್ಷಣ ಇದೆ ಅಂತ ಗೊತ್ತಾಯಿತು.

ಅಂದರೆ ಒಬ್ಬ ಬಾಕ್ಸರ್ ಮುಗಿದಿದ್ದಾನೆ ಅಂತ ಹೇಳುವ ಧೈರ್ಯವೂ ಬೇಕು. ಆದರೆ ಪಚೆಕೊ ಅದನ್ನು ಹೇಳಿದ್ದು ರಕ್ತ, ಮೂತ್ರ ಪರೀಕ್ಷೆಯ ವರದಿ ಕೈಯಲ್ಲಿ ಹಿಡಿದು. ಡಂಡಿ ಹೇಳಿದ್ದು ಹತ್ತು ರೌಂಡ್ ಹತ್ತಿರದಿಂದ ನೋಡಿ. ನೀವು ಹೇಳಿದ್ದು ಹುಟ್ಟಿದ ದಿನಾಂಕ ಓದಿ.

ನಮ್ಮೂರಿನ ಮಕ್ಕಳು ತಡವಾಗಿ ಬರುತ್ತಾರೆ, ಸಾರ್. ಅದಕ್ಕೆ ಕಾರಣ ಇದೆ. ಈ ಹುಡುಗ 16ಕ್ಕೆ ಶುರು ಮಾಡಿದವನು. 19ಕ್ಕೆ ಅಪ್ಪನಿಗೆ ಉಬ್ಬಸ ಜಾಸ್ತಿಯಾಗಿ ಕೆಲಸ ನಿಂತಿತು. ಅಲ್ಲಿಂದ ಎರಡು ವರ್ಷ ಅವನು ಗ್ಲೌಸ್ ಮುಟ್ಟಲಿಲ್ಲ. ತಂಗಿಯ ಓದು, ಮನೆ ಬಾಡಿಗೆ ಎಲ್ಲ ಇವನ ಮೇಲೆ. ಆಮೇಲೆ ಒಂದು ಸಂಜೆ ತಾನಾಗೇ ಶೆಡ್ಡಿಗೆ ಬಂದು, "ಮೇಷ್ಟ್ರೇ, ಇವತ್ತಿಂದ ಬರ್ಲಾ?" ಅಂತ ಕೇಳಿದ. ಅವತ್ತು ಒಂದು ರೌಂಡ್ ಆಡೋಕೆ ಉಸಿರಿರಲಿಲ್ಲ. ಈಗ ಆರು ರೌಂಡ್ ಆಡಿ ನಿಂತು ಮಾತಾಡುತ್ತಾನೆ. ಆ 18ರ ಹುಡುಗನಿಗೆ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು, ಹೇಳಿಕೊಟ್ಟಿದ್ದೂ ಅರ್ಧ ಇವನೇ. ನೀವು ಆಯ್ಕೆ ಮಾಡಿದ ಆ ಎಡಗೈ, ನೀವು ನೋಡದ ಈ ಎಡಗೈಯಿಂದ ಬಂದದ್ದು.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಅವನನ್ನು ತಗೊಳ್ಳಲೇಬೇಕು ಅಂತ ಕೇಳುತ್ತಿಲ್ಲ. ಆಡಿಸಿ ನೋಡಿ ಅಂತ ಕೇಳುತ್ತಿದ್ದೇನೆ. ಮೂರು ನಿಮಿಷದ ಮೂರು ರೌಂಡ್, ಅವನ ತೂಕದವನ ಜೊತೆ. ಸೋತರೆ, ನಿಧಾನ ಅನಿಸಿದರೆ, ಬೇಡ ಅನ್ನಿ. ನಾನೇ ಅವನಿಗೆ ತಿಳಿ ಹೇಳುತ್ತೇನೆ. ಅವನ ಹಾಗೆ ಆವತ್ತು ವಾಪಸ್ ಹೋದವರು ಇನ್ನೂ ಮೂವರಿದ್ದರು. ಅವರನ್ನೂ ಕರೆಯಿರಿ. ಮುಂದಿನ ಸಲ ವಯಸ್ಸಿನ ಮಿತಿ ಇಡಲೇಬೇಕು ಅಂತಿದ್ದರೆ ನೋಟಿಸಿನಲ್ಲೇ ಹಾಕಿ, ಯಾಕೆ ಅಂತಲೂ ಬರೆಯಿರಿ. ರಾತ್ರಿ ಪಾಳಿ ಮುಗಿಸಿ ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಹೇಳಬೇಡಿ. ಮತ್ತೆ ಆಯ್ಕೆಯ ದಿನ ಒಬ್ಬ ಡಾಕ್ಟರ್ ಇರಲಿ. ಕಣ್ಣು, ಬಿ.ಪಿ., ಹಳೇ ಪೆಟ್ಟು ನೋಡಲಿ. 18ರವನಿಗೂ ನೋಡಲಿ, 30ರವನಿಗೂ ನೋಡಲಿ.

ಇದೇ ತಿಂಗಳಲ್ಲಿ ಯಾವ ದಿನವಾದರೂ ಸಂಜೆ ಐದಕ್ಕೆ ಕುಂದವಾಡ ಕೆರೆಗೆ ಬನ್ನಿ. ಅವನು ಏರಿ ಮೇಲೆ ಓಡುತ್ತಿರುತ್ತಾನೆ. ಓಟ ಮುಗಿದ ಮೇಲೆ ಶೆಡ್ಡಿಗೆ ಹೋಗೋಣ. ಅವನ ತೂಕ 63.5 ಕೆ.ಜಿ.ಯೊಳಗೇ ಇದೆ. ಸ್ಟಾಪ್‌ವಾಚ್ ನೀವು ತನ್ನಿ, ಗ್ಲೌಸ್ ನಾನು ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು
ದಾವಣಗೆರೆ